ಡೇರಿಯಸ್ ಚಾಚಿದ ಕೈ

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಚಿತ್ರ ನೋಡೋಣ. ಸಭೆಯಲ್ಲಿ ಇದನ್ನು ಪರದೆಯ ಮೇಲೆ ತೋರಿಸಿದ್ದೆ. ಓದುವವರಿಗಾಗಿ ಮಾತಿನಲ್ಲೇ ಬಿಡಿಸುತ್ತೇನೆ.

ಇಟಲಿಯ ಪಾಂಪೆ ಊರು ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋಯಿತು. 1831ರಲ್ಲಿ ಅಲ್ಲಿ ಅಗೆಯುವಾಗ ಒಂದು ದೊಡ್ಡ ಮನೆಯ ನೆಲದಲ್ಲಿ ಈ ಚಿತ್ರ ಸಿಕ್ಕಿತು. ಸುಮಾರು 6 ಮೀಟರ್ ಅಗಲ, 3 ಮೀಟರ್ ಎತ್ತರ. ಹತ್ತು ಲಕ್ಷಕ್ಕೂ ಜಾಸ್ತಿ ಬಣ್ಣದ ಕಲ್ಲಿನ ಚೂರುಗಳನ್ನು ಒಂದೊಂದಾಗಿ ಕೂರಿಸಿ ಮಾಡಿದ್ದು. ಈಗ ನೇಪಲ್ಸ್ ಊರಿನ ಮ್ಯೂಸಿಯಂನಲ್ಲಿದೆ.

ಎಡಗಡೆ ಕುದುರೆಯ ಮೇಲೆ ಅಲೆಕ್ಸಾಂಡರ್. ತಲೆಗೆ ಶಿರಸ್ತ್ರಾಣವಿಲ್ಲ. ಅವನ ಈಟಿ ಒಬ್ಬ ಪರ್ಷಿಯನ್ ಸವಾರನ ಮೈಯೊಳಗೆ ನುಗ್ಗಿ ಆಚೆ ಬಂದಿದೆ. ಬಲಗಡೆ ಎತ್ತರದ ರಥದ ಮೇಲೆ ಪರ್ಷಿಯಾದ ದೊರೆ ಮೂರನೆಯ ಡೇರಿಯಸ್. ಸಾರಥಿ ಚಾವಟಿ ಎತ್ತಿದ್ದಾನೆ, ಕುದುರೆಗಳು ಆಗಲೇ ತಿರುಗಿವೆ. ರಥ ಹೊರಟಿದೆ. ಆದರೆ ಡೇರಿಯಸ್ ಹೊರಟಿಲ್ಲ. ಅವನ ಒಂದು ಕೈಯಲ್ಲಿ ಬಿಲ್ಲು. ಇನ್ನೊಂದು ಕೈಯನ್ನು ಈಟಿ ತಿಂದ ಆ ಸವಾರನ ಕಡೆಗೆ ಚಾಚಿದ್ದಾನೆ. ಬಾಯಿ ತೆರೆದಿದೆ. ತನ್ನ ಪ್ರಾಣಕ್ಕೆ ಹೆದರಿದವನ ಮುಖ ಅದಲ್ಲ. ಕಣ್ಣೆದುರೇ ತನ್ನವನೊಬ್ಬ ಸಾಯುತ್ತಿದ್ದಾನೆ, ಏನೂ ಮಾಡಲಾಗುತ್ತಿಲ್ಲ, ಅಂಥವನ ಮುಖ.

ನಾನು ಇವತ್ತು ಮಾತಾಡಬೇಕು ಅಂತ ಬಂದಿರುವುದು ಆ ಕೈಯ ಬಗ್ಗೆ.

ಯಾಕೆಂದರೆ ನಾವೆಲ್ಲ ಶಾಲೆಯಲ್ಲಿ ಕೇಳಿದ್ದು ಒಂದೇ ವಾಕ್ಯ: ಡೇರಿಯಸ್ ಬೆನ್ನು ತೋರಿಸಿ ಓಡಿದ. ಎರಡು ಯುದ್ಧ, ಎರಡೂ ಸಲ ಓಡಿದ. ನಮ್ಮಲ್ಲಿ ರಥ ಬಿಟ್ಟು ಓಡುವವನು ಅಂದರೆ ಉತ್ತರಕುಮಾರ ತಾನೇ? "ಉತ್ತರನ ಪೌರುಷ ಒಲೆಯ ಮುಂದೆ" ಅಂತ ಗಾದೆಯೇ ಇದೆ. ಡೇರಿಯಸ್‌ನನ್ನೂ ನಾವು ಅದೇ ಸಾಲಿನಲ್ಲಿ ಕೂರಿಸಿಬಿಟ್ಟಿದ್ದೇವೆ. ಅದು ಅನ್ಯಾಯ ಅಂತ ನನಗೆ ಬಹಳ ವರ್ಷಗಳಿಂದ ಅನಿಸಿದೆ.

ಮೊದಲು ಈ ಎರಡು ಮನೆಗಳ ಹಳೇ ಸಂಬಂಧ ಹೇಳಬೇಕು. ಅಲೆಕ್ಸಾಂಡರ್‌ನ ಮ್ಯಾಸಿಡೋನಿಯ ಅನ್ನುವುದು ಗ್ರೀಸಿನ ಉತ್ತರಕ್ಕಿದ್ದ ರಾಜ್ಯ. ಕ್ರಿ.ಪೂ. 510ರ ಆಸುಪಾಸಿನಲ್ಲಿ, ಅಂದರೆ ಅಲೆಕ್ಸಾಂಡರ್ ಹುಟ್ಟುವುದಕ್ಕೆ ಒಂದೂವರೆ ಶತಮಾನ ಮೊದಲು, ಅಲ್ಲಿನ ರಾಜ ಅಮಿಂಟಾಸ್ ಪರ್ಷಿಯಾದ ದೊರೆಗೆ ಮಣ್ಣು ಮತ್ತು ನೀರು ಕೊಟ್ಟ. ಶರಣಾಗುವ ಪದ್ಧತಿ ಅದು: ನನ್ನ ನೆಲ, ನನ್ನ ನೀರು ಎರಡೂ ನಿಮ್ಮದು ಅಂತ. ಅಷ್ಟೇ ಅಲ್ಲ, ಅವನ ಮಗಳು ಗೈಗಿಯಾಳನ್ನು ಬುಬಾರಿಸ್ ಎಂಬ ಪರ್ಷಿಯನ್ ಸರದಾರನಿಗೆ ಮದುವೆ ಮಾಡಿ ಕೊಟ್ಟರು. ಎರಡೂ ಕಡೆಯವರು ಬೀಗರಾದರು. ಹುಟ್ಟಿದ ಮಗುವಿಗೆ ತಾಯಿಯ ತಂದೆಯ ಹೆಸರನ್ನೇ ಇಟ್ಟರು, ಅಮಿಂಟಾಸ್ ಅಂತ.

ಕ್ರಿ.ಪೂ. 480ರಲ್ಲಿ ಪರ್ಷಿಯಾದ ಕ್ಸೆರ್ಕ್ಸಿಸ್ ಗ್ರೀಸಿನ ಮೇಲೆ ದಂಡೆತ್ತಿ ಬಂದು ಅಥೆನ್ಸಿನ ಗುಡಿಗಳನ್ನು ಸುಟ್ಟ. ಆಗ ಮ್ಯಾಸಿಡೋನಿಯದವರು ಯಾರ ಪಾಳೆಯದಲ್ಲಿದ್ದರು? ಪರ್ಷಿಯನ್ನರ ಪಾಳೆಯದಲ್ಲಿ. ಅವರ ರಾಜನ ಹೆಸರೂ ಅಲೆಕ್ಸಾಂಡರ್, ಮೊದಲನೆಯವನು. ರಾತ್ರಿ ಕದ್ದು ಅಥೆನ್ಸಿನವರ ಹತ್ತಿರ ಹೋಗಿ ಸುದ್ದಿ ಮುಟ್ಟಿಸಿದ ಅಂತಲೂ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಎರಡು ದೋಣಿಯ ಮೇಲೆ ಕಾಲಿಟ್ಟು ಬದುಕಬೇಕಾದ ಸಣ್ಣ ರಾಜ್ಯ ಅದು. ಅದಕ್ಕೆ ಬೇರೆ ದಾರಿಯೂ ಇರಲಿಲ್ಲ.

ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಮುಂದೆ ಅಲೆಕ್ಸಾಂಡರ್‌ನ ತಂದೆ ಫಿಲಿಪ್ ಪರ್ಷಿಯಾದ ಮೇಲೆ ಯುದ್ಧ ಸಾರಿದಾಗ ಕೊಟ್ಟ ಕಾರಣವೇ ಅಥೆನ್ಸಿನ ಆ ಬೆಂಕಿ. ಗುಡಿ ಸುಟ್ಟದ್ದಕ್ಕೆ ಸೇಡು. ಸೇಡು ತೀರಿಸಲು ಹೊರಟವರ ಮುತ್ತಜ್ಜಂದಿರೇ ಆವತ್ತು ಬೆಂಕಿ ಇಟ್ಟವರ ಜೊತೆಗಿದ್ದರು. ಫಿಲಿಪ್‌ನ ಅರಮನೆಯಲ್ಲಿ ಅರ್ತಬಾಜಸ್ ಎಂಬ ದೊಡ್ಡ ಪರ್ಷಿಯನ್ ಅಧಿಕಾರಿ ಸಂಸಾರ ಸಮೇತ ವರ್ಷಗಟ್ಟಲೆ ಆಶ್ರಯ ಪಡೆದಿದ್ದ. ಆಗ ಅಲೆಕ್ಸಾಂಡರ್ ಇನ್ನೂ ಹುಡುಗ. ಅವರಿಗೆ ಇವರು, ಇವರಿಗೆ ಅವರು, ಗುರುತು ಪರಿಚಯ ಇಲ್ಲದವರೇನಲ್ಲ.

ಫಿಲಿಪ್ ಮಾಡಿದ ದೊಡ್ಡ ಕೆಲಸ ಸೈನ್ಯ ಕಟ್ಟಿದ್ದು. ಕುರಿ ಕಾಯುವವರನ್ನು, ರೈತರನ್ನು ತಂದು ವರ್ಷವಿಡೀ ತಾಲೀಮು ಮಾಡಿಸಿದ. ಅವರ ಕೈಗೆ ಸರಿಸ್ಸಾ ಎಂಬ ಉದ್ದದ ಭರ್ಜಿ ಕೊಟ್ಟ. 5 ರಿಂದ 6 ಮೀಟರ್ ಉದ್ದ! ಎರಡೂ ಕೈಯಲ್ಲಿ ಹಿಡಿಯಬೇಕು. ಒತ್ತೊತ್ತಾಗಿ ನಿಂತಾಗ ಹಿಂದಿನ ಸಾಲುಗಳ ಭರ್ಜಿಗಳೂ ಮುಂದಿನವರ ಭುಜದ ಆಚೆಗೆ ಚಾಚಿಕೊಂಡಿರುತ್ತಿದ್ದವು. ಎದುರಿನವನು ಕತ್ತಿ ಬೀಸುವಷ್ಟು ಹತ್ತಿರ ಬರುವ ಮೊದಲೇ ಹಲವು ಮೊನೆಗಳನ್ನು ದಾಟಬೇಕು. ಆದರೆ ಶತ್ರುವನ್ನು ಮುಗಿಸುವ ಕೆಲಸ ಈ ಕಾಲಾಳುಗಳದ್ದಲ್ಲ. ಇವರು ಎದುರಾಳಿಯನ್ನು ಹಿಡಿದು ನಿಲ್ಲಿಸಬೇಕು. ಅಷ್ಟರಲ್ಲಿ ಬಲಗಡೆಯಿಂದ ಕುದುರೆ ಸವಾರರು ಎಲ್ಲಿ ಬಿರುಕು ಕಾಣುತ್ತದೋ ಅಲ್ಲಿ ನುಗ್ಗಬೇಕು. ಈ ಬಿರುಕಿನ ಮಾತು ನೆನಪಿಡಿ.

ಕ್ರಿ.ಪೂ. 336ರಲ್ಲಿ ಫಿಲಿಪ್‌ನ ಕೊಲೆಯಾಯಿತು. ಅದೇ ವರ್ಷ ಆ ಕಡೆ ಡೇರಿಯಸ್ ಪಟ್ಟಕ್ಕೆ ಬಂದ. ಅವನ ಹಿಂದಿನ ಇಬ್ಬರು ದೊರೆಗಳನ್ನು ಬಗೋವಾಸ್ ಎಂಬ ಅರಮನೆಯ ಅಧಿಕಾರಿ ಕೊಲ್ಲಿಸಿದ್ದ. ರಾಜವಂಶದ ದೂರದ ಕವಲಿನ ಡೇರಿಯಸ್‌ನನ್ನು ಕೂರಿಸಿದವನೂ ಅವನೇ. ಈ ದೊರೆಯೂ ಹೇಳಿದ ಮಾತು ಕೇಳದಿದ್ದಾಗ ಇವನಿಗೂ ವಿಷದ ಬಟ್ಟಲು ತಯಾರಾಯಿತು. ಡೇರಿಯಸ್‌ಗೆ ಅದು ಗೊತ್ತಾಯಿತು. ಆ ಬಟ್ಟಲನ್ನು ಬಗೋವಾಸ್‌ನ ಕೈಗೇ ಕೊಟ್ಟು ಕುಡಿಸಿದ.

ಇನ್ನೊಂದು ವಿಷಯ. ಡೇರಿಯಸ್ ದೊರೆಯಾಗುವ ಮೊದಲು ಕಡೂಸಿಯನ್ನರು ಎಂಬ ಗುಡ್ಡಗಾಡು ಜನರ ಮೇಲೆ ಯುದ್ಧ ನಡೆದಿತ್ತು. ಅವರ ಕಡೆಯ ಒಬ್ಬ ಬಲಶಾಲಿ ಮುಂದೆ ಬಂದು, ನನ್ನ ಜೊತೆ ಒಬ್ಬರೇ ಹೊಡೆದಾಡಲು ಯಾರು ಬರುತ್ತೀರಿ ಅಂತ ಸವಾಲು ಹಾಕಿದ. ಯಾರೂ ಎದ್ದೇಳಲಿಲ್ಲ. ಎದ್ದು ಹೋಗಿ ಅವನನ್ನು ಕೊಂದವನು ಈ ಡೇರಿಯಸ್. ಇದನ್ನು ಬರೆದವರು ಪರ್ಷಿಯನ್ನರಲ್ಲ, ಗ್ರೀಕ್ ಮತ್ತು ರೋಮನ್ ಕಡೆಯವರೇ. ಇಂಥವನು ಹುಟ್ಟು ಹೇಡಿ ಅಂದರೆ ನಂಬುವುದು ಹೇಗೆ?

ಹಾಗಾದರೆ ಯಾಕೆ ಓಡಿದ? ಇದಕ್ಕೆ ಉತ್ತರ ಹುಡುಕಲು 70 ವರ್ಷ ಹಿಂದೆ ಹೋಗಬೇಕು. ಕ್ರಿ.ಪೂ. 401ರಲ್ಲಿ ಬ್ಯಾಬಿಲೋನಿನ ಹತ್ತಿರ ಕುನಾಕ್ಸಾ ಎಂಬಲ್ಲಿ ಇಬ್ಬರು ಪರ್ಷಿಯನ್ ಅಣ್ಣತಮ್ಮಂದಿರು ಸಿಂಹಾಸನಕ್ಕಾಗಿ ಕಾದಾಡಿದರು. ತಮ್ಮ ಸೈರಸ್ ಹತ್ತು ಸಾವಿರಕ್ಕೂ ಹೆಚ್ಚು ಗ್ರೀಕ್ ಸೈನಿಕರನ್ನು ಸಂಬಳ ಕೊಟ್ಟು ಕರೆತಂದಿದ್ದ. ಆ ಗ್ರೀಕರು ತಾವು ನಿಂತ ಕಡೆ ಗೆದ್ದರು. ಆದರೆ ಸೈರಸ್ ಆವೇಶದಲ್ಲಿ ಅಣ್ಣನ ಮೇಲೇ ನುಗ್ಗಿ ಸತ್ತ. ಅವನು ಸತ್ತ ಕ್ಷಣಕ್ಕೆ ಎಲ್ಲ ಮುಗಿಯಿತು. ಗೆದ್ದ ಗ್ರೀಕರು ಪರದೇಶದ ನಡುಮಧ್ಯೆ ದಿಕ್ಕಿಲ್ಲದೆ ನಿಂತರು.

ಇದರಿಂದ ಎರಡೂ ಕಡೆಯವರು ಪಾಠ ಕಲಿತರು. ಗ್ರೀಕರು, ಮ್ಯಾಸಿಡೋನಿಯದವರು ಕಲಿತದ್ದು: ದೊರೆಯನ್ನು ಹೊಡೆದರೆ ಸಾಕು, ಸೈನ್ಯ ಎಷ್ಟೇ ದೊಡ್ಡದಿರಲಿ ಚದುರುತ್ತದೆ. ಪರ್ಷಿಯನ್ನರು ಕಲಿತದ್ದು: ದೊರೆ ಉಳಿದರೆ ರಾಜ್ಯ ಉಳಿಯುತ್ತದೆ. ಸೋತ ಯುದ್ಧವನ್ನು ಮತ್ತೆ ಮಾಡಬಹುದು, ಸತ್ತ ದೊರೆಯನ್ನು ತರಲಾಗದು. ಈಜಿಪ್ಟಿನಿಂದ ಸಿಂಧೂ ನದಿಯವರೆಗೆ ಹರಡಿದ ರಾಜ್ಯ ಅದು. ಹತ್ತಾರು ಭಾಷೆ, ಹತ್ತಾರು ದೇವರು. ಎಲ್ಲವನ್ನೂ ಹಿಡಿದಿಟ್ಟ ಒಂದೇ ಗಂಟು ದೊರೆ. ಆ ಗಂಟು ಶತ್ರುವಿನ ಕೈಗೆ ಸಿಗಬಾರದು. ಅಲೆಕ್ಸಾಂಡರ್‌ಗೆ ರಣರಂಗದಲ್ಲಿ ಸಾಯುವುದು ವೀರತನ. ಡೇರಿಯಸ್‌ಗೆ ಅದು ಕರ್ತವ್ಯ ತಪ್ಪಿದ ಹಾಗೆ.

ಕ್ರಿ.ಪೂ. 334ರಲ್ಲಿ ಅಲೆಕ್ಸಾಂಡರ್ ಏಷ್ಯಾಕ್ಕೆ ದಾಟಿದ. ಮೊದಲ ಯುದ್ಧ ಗ್ರಾನಿಕಸ್ ನದಿಯ ದಡದಲ್ಲಿ, ಅಲ್ಲಿನ ಪರ್ಷಿಯನ್ ಅಧಿಕಾರಿಗಳ ಜೊತೆ. ಡೇರಿಯಸ್ ಅಲ್ಲಿರಲಿಲ್ಲ. ಯುದ್ಧಕ್ಕೆ ಮೊದಲು ಮೆಮ್ನನ್ ಎಂಬ ಗ್ರೀಕ್ ದಳಪತಿ ಒಂದು ಉಪಾಯ ಹೇಳಿದ: ಎದುರು ನಿಲ್ಲುವುದು ಬೇಡ, ಪೈರು ಸುಡೋಣ, ಊರುಗಳನ್ನು ಸುಡೋಣ, ತಿನ್ನಲು ಇಲ್ಲದೆ ಅವರೇ ವಾಪಸು ಹೋಗುತ್ತಾರೆ. ಯುದ್ಧದ ಲೆಕ್ಕದಲ್ಲಿ ಸರಿಯಾದ ಮಾತು. ಆದರೆ ಅಲ್ಲಿನ ಅಧಿಕಾರಿ ಅರ್ಸಿಟಿಸ್ ಒಪ್ಪಲಿಲ್ಲ. ನನ್ನ ಜನರ ಒಂದು ಮನೆಯನ್ನೂ ಸುಡಲು ಬಿಡುವುದಿಲ್ಲ ಅಂದ. ಯುದ್ಧ ಸೋತ ಮೇಲೆ ತನ್ನಿಂದಲೇ ಹೀಗಾಯಿತು ಅಂತ ಪ್ರಾಣ ಕಳೆದುಕೊಂಡ. ಈ ಅರ್ಸಿಟಿಸ್‌ನ ಹೆಸರು ಎಷ್ಟು ಜನರಿಗೆ ಗೊತ್ತು?

ಮುಂದಿನ ವರ್ಷ ಡೇರಿಯಸ್ ತಾನೇ ಸೈನ್ಯ ತೆಗೆದುಕೊಂಡು ಬಂದ. ಈಗಿನ ಟರ್ಕಿ, ಸಿರಿಯಾ ಸೇರುವ ಮೂಲೆಯಲ್ಲಿ ಇಸ್ಸಸ್ ಇದೆ. ಅವನು ಬೆಟ್ಟದ ಇನ್ನೊಂದು ದಾರಿಯಿಂದ ಬಂದು ಅಲೆಕ್ಸಾಂಡರ್‌ನ ಬೆನ್ನ ಹಿಂದೆ ನಿಂತುಬಿಟ್ಟ. ಮ್ಯಾಸಿಡೋನಿಯದ ಸೈನ್ಯಕ್ಕೆ ಊರ ದಾರಿಯೇ ಕಟ್ಟಾಯಿತು. ದಡ್ಡ ಸೇನಾಪತಿ ಮಾಡುವ ಕೆಲಸವಾ ಇದು? ಆದರೆ ಜಾಗ ಕೈಕೊಟ್ಟಿತು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬೆಟ್ಟ, ನಡುವೆ ಕಿರಿದಾದ ಬಯಲು. ಪರ್ಷಿಯನ್ನರ ದೊಡ್ಡ ಕುದುರೆ ಪಡೆ ಹರಡಿಕೊಳ್ಳಲು ಆಗಲೇ ಇಲ್ಲ. ಅಲೆಕ್ಸಾಂಡರ್ ನೇರ ಡೇರಿಯಸ್ ಇದ್ದಲ್ಲಿಗೆ ನುಗ್ಗಿದ. ಡೇರಿಯಸ್‌ನ ತಮ್ಮ ಆಕ್ಸಾಥ್ರಿಸ್ ಅಡ್ಡ ನಿಂತು ಹೋರಾಡಿದ. ರಥದ ಮುಂದೆ ಪರ್ಷಿಯನ್ ಸರದಾರರ ಹೆಣಗಳ ರಾಶಿ ಬಿತ್ತು. ಅಲೆಕ್ಸಾಂಡರ್‌ನ ತೊಡೆಗೂ ಗಾಯವಾಯಿತು. ರಥದ ಕುದುರೆಗಳು ಗಾಯಗೊಂಡು ಕೆರಳಿದ ಮೇಲೆ ಡೇರಿಯಸ್ ಅಲ್ಲಿಂದ ಹೊರಟ. ಅವನ ತಾಯಿ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಸಣ್ಣ ಮಗ, ಎಲ್ಲರೂ ಸೆರೆಯಾದರು.

ಅವರನ್ನು ಬಿಡಿಸಿಕೊಳ್ಳಲು ಅವನು ಕಳಿಸಿದ ಪತ್ರಗಳನ್ನು ಓದಿದರೆ ಕರುಳು ಚುರ್ ಅನ್ನುತ್ತದೆ. ಹತ್ತು ಸಾವಿರ ಟ್ಯಾಲೆಂಟ್ (ಬೆಳ್ಳಿ, ಬಂಗಾರ ತೂಗುವ ಆ ಕಾಲದ ಅಳತೆ) ಹಣ, ಯೂಫ್ರೆಟಿಸ್ ನದಿಯವರೆಗಿನ ನೆಲ, ಮಗಳ ಮದುವೆ, ಎಲ್ಲವನ್ನೂ ಮುಂದಿಟ್ಟ. ಅಲೆಕ್ಸಾಂಡರ್ ಒಪ್ಪಲಿಲ್ಲ. ಡೇರಿಯಸ್‌ನ ಹೆಂಡತಿ ಸೆರೆಯಲ್ಲೇ ತೀರಿಕೊಂಡಳು.

ಈಗ ಗೌಗಮೆಲಾ. ಇರಾಕಿನ ಉತ್ತರ ಭಾಗ. ಕ್ರಿ.ಪೂ. 331ರ ಅಕ್ಟೋಬರ್ 1.

ಈ ಸಲ ಡೇರಿಯಸ್ ಏನೇನು ಮಾಡಿದ ನೋಡಿ. ಇಸ್ಸಸ್‌ನಲ್ಲಿ ಜಾಗ ಸಾಲಲಿಲ್ಲ, ಅದಕ್ಕೆ ವಿಶಾಲ ಬಯಲನ್ನೇ ಆರಿಸಿದ. ಉಬ್ಬುತಗ್ಗು ಇದ್ದಲ್ಲಿ ಮಣ್ಣು ಸಮ ಮಾಡಿಸಿದ. ತನ್ನವರ ಈಟಿ, ಕತ್ತಿ ಗಿಡ್ಡವಾಯಿತು ಅನಿಸಿ ಉದ್ದ ಮಾಡಿಸಿದ. ಗಾಲಿಗೆ ಕುಡುಗೋಲಿನಂಥ ಅಲಗು ಕಟ್ಟಿದ 200 ರಥಗಳನ್ನು ತಂದ. ಮಧ್ಯ ಏಷ್ಯಾದ ಕುದುರೆ ಸವಾರರನ್ನು ಕರೆಸಿದ. ಸಿಂಧೂ ಕಡೆಯ ಭಾರತೀಯರೂ ಅವನ ಜೊತೆಗಿದ್ದರು, ಸುಮಾರು 15 ಆನೆಗಳ ಸಮೇತ. ಪುರು ಅಥವಾ ಪೋರಸ್ ದೊರೆಯ ಕಥೆ ನಮಗೆಲ್ಲ ಗೊತ್ತು. ಅದಕ್ಕೂ ಐದು ವರ್ಷ ಮೊದಲೇ ಭಾರತದವರು ಅಲೆಕ್ಸಾಂಡರ್‌ನ ಎದುರು ನಿಂತಿದ್ದರು ಅನ್ನುವುದು ಮಾತ್ರ ಹೆಚ್ಚು ಜನರಿಗೆ ಗೊತ್ತಿಲ್ಲ. ಸೋತ ಪಾಠವನ್ನು ಕೂತು ಓದಿ, ಒಂದೊಂದು ತಪ್ಪನ್ನೂ ತಿದ್ದಿಕೊಂಡು ಬಂದ ಮನುಷ್ಯ ಇವನು.

ಮ್ಯಾಸಿಡೋನಿಯದ ಕಡೆ ಸುಮಾರು 40 ಸಾವಿರ ಕಾಲಾಳು, 7 ಸಾವಿರ ಕುದುರೆ. ಪರ್ಷಿಯಾದ ಕಡೆ ಹತ್ತು ಲಕ್ಷ ಕಾಲಾಳು ಅಂತ ಗ್ರೀಕ್ ಲೇಖಕ ಏರಿಯನ್ ಬರೆಯುತ್ತಾನೆ. ಅದನ್ನು ಇವತ್ತು ಯಾರೂ ನಂಬುವುದಿಲ್ಲ. ಸಂಖ್ಯೆಯಲ್ಲಿ ಜಾಸ್ತಿ ಇದ್ದದ್ದು ನಿಜ, ಅಷ್ಟೇ.

ರಾತ್ರಿ ದಾಳಿ ಆಗಬಹುದು ಅಂತ ಡೇರಿಯಸ್ ತನ್ನ ಸೈನ್ಯವನ್ನು ಇಡೀ ರಾತ್ರಿ ಆಯುಧ ಹಿಡಿದು ನಿಲ್ಲಿಸಿದ. ನನ್ನ ಪ್ರಕಾರ ಅವನು ಮಾಡಿದ ನಿಜವಾದ ತಪ್ಪು ಇದೊಂದೇ. ಅತ್ತ ಅಲೆಕ್ಸಾಂಡರ್ ಬಿಸಿಲೇರುವ ತನಕ ಮಲಗಿದ್ದ, ಅವನ ಹಿರಿಯ ದಳಪತಿ ಪಾರ್ಮೇನಿಯನ್ ಬಂದು ಎಬ್ಬಿಸಬೇಕಾಯಿತು.

ಬೆಳಿಗ್ಗೆ ಅಲೆಕ್ಸಾಂಡರ್ ನೇರ ಮುಂದೆ ಬರಲಿಲ್ಲ. ಓರೆಯಾಗಿ ಬಲಕ್ಕೆ ಸರಿಯುತ್ತ ಹೋದ. ಹೀಗೇ ಬಿಟ್ಟರೆ ಸಮ ಮಾಡಿಸಿದ ನೆಲದಿಂದಲೇ ಆಚೆ ಹೋಗಿಬಿಡುತ್ತಾನೆ, ರಥಗಳು ದಂಡವಾಗುತ್ತವೆ. ಅವನನ್ನು ತಡೆಯಲು ಡೇರಿಯಸ್ ಎಡಗಡೆಯ ಕುದುರೆ ಪಡೆಯನ್ನು ಕಳಿಸಿದ. ಅವರು ಹೋದರು. ಹಿಂದೆ ಇನ್ನಷ್ಟು ಜನ ಹೋದರು. ಅಷ್ಟೊತ್ತಿಗೆ ರಥಗಳೂ ನುಗ್ಗಿದವು. ಮ್ಯಾಸಿಡೋನಿಯದವರು ಕೆಲವು ರಥಗಳ ಸಾರಥಿಗಳನ್ನು ಎಸೆಯುವ ಈಟಿಗಳಿಂದ ಕೆಡವಿದರು, ಉಳಿದವಕ್ಕೆ ಸಾಲು ಬಿಟ್ಟು ದಾರಿ ಮಾಡಿಕೊಟ್ಟರು. ರಥಗಳು ಹಾದು ಹಿಂದಕ್ಕೆ ಹೋದವು. ಮತ್ತು ಡೇರಿಯಸ್‌ನ ಎಡಗಡೆ ಒಂದು ಬಿರುಕು ಬಿಟ್ಟಿತು.

ಅದಕ್ಕೇ ಕಾಯುತ್ತಿದ್ದ ಅಲೆಕ್ಸಾಂಡರ್ ಸವಾರರ ಜೊತೆ ಅಲ್ಲಿಗೆ ತಿರುಗಿದ. ಗುರಿ ಒಂದೇ, ದೊರೆಯ ರಥ. ಅವನು ಎಸೆದ ಈಟಿ ಡೇರಿಯಸ್‌ಗೆ ತಾಗಲಿಲ್ಲ, ಪಕ್ಕದ ಸಾರಥಿಗೆ ತಾಗಿತು ಅಂತ ಡಿಯೊಡೋರಸ್ ಎಂಬ ಗ್ರೀಕ್ ಇತಿಹಾಸಕಾರ ಬರೆದಿದ್ದಾನೆ. ಸಾರಥಿ ಬಿದ್ದಾಗ ಸುತ್ತಲಿನವರು ಕೂಗಿದರು. ದೂರದಲ್ಲಿದ್ದವರಿಗೆ ಕೂಗು ಕೇಳಿಸಿತು, ಬಿದ್ದದ್ದು ಯಾರು ಅಂತ ಕಾಣಲಿಲ್ಲ. ದೊರೆಯೇ ಬಿದ್ದ ಅಂದುಕೊಂಡರು. ಅಲ್ಲಿಂದ ಸಾಲು ಸಡಿಲವಾಯಿತು. ಇವನ ಎಡಬಲ ಖಾಲಿಯಾಗುತ್ತ ಬಂತು.

ಅದೇ ಹೊತ್ತಿಗೆ ಇನ್ನೊಂದು ತುದಿಯಲ್ಲಿ ಪರ್ಷಿಯನ್ನರು ಗೆಲ್ಲುತ್ತಿದ್ದರು! ಮಜೇಯಸ್ ಎಂಬ ದಳಪತಿ ಪಾರ್ಮೇನಿಯನ್‌ನನ್ನು ಹಣ್ಣುಗಾಯಿ ಮಾಡಿದ್ದ. ಪರ್ಷಿಯನ್ ಮತ್ತು ಭಾರತೀಯ ಸವಾರರು ಮ್ಯಾಸಿಡೋನಿಯದ ಸಾಲನ್ನೇ ಸೀಳಿಕೊಂಡು ಹಿಂದಿನ ಸಾಮಾನು ಸರಂಜಾಮಿನ ತನಕ ಹೋಗಿದ್ದರು. ಇನ್ನು ಸ್ವಲ್ಪ ಹೊತ್ತು ನಡು ಭಾಗ ತಡೆದಿದ್ದರೆ ಏನಾಗುತ್ತಿತ್ತೋ.

ತಡೆಯಲಿಲ್ಲ. ಡೇರಿಯಸ್ ಹೊರಟ. ದಾರಿಯಲ್ಲಿ ಒಂದು ಹೊಳೆ, ಸೇತುವೆ. ಇವನು ದಾಟಿದ ಮೇಲೆ ಜೊತೆಯವರು, ಸೇತುವೆ ಮುರಿಸಿಬಿಡಿ ಅಂದರು, ಅಲೆಕ್ಸಾಂಡರ್ ಹಿಂದೆಯೇ ಬರುತ್ತಿದ್ದಾನೆ. ಡೇರಿಯಸ್ ಬೇಡ ಅಂದ. ಹಿಂದೆ ತನ್ನ ಸಾವಿರಾರು ಜನ ಓಡಿ ಬರುತ್ತಿದ್ದಾರೆ, ಸೇತುವೆ ಇಲ್ಲದಿದ್ದರೆ ಅವರು ಸಾಯುತ್ತಾರೆ. ಶತ್ರುವಿಗೆ ದಾರಿ ಸಿಕ್ಕರೂ ಸರಿ, ನನ್ನವರಿಗೆ ದಾರಿ ತಪ್ಪಬಾರದು ಅಂದ. ಇದನ್ನು ಬರೆದವನು ಕರ್ಟಿಯಸ್ ಎಂಬ ರೋಮನ್. ತನ್ನ ಜೀವ ಒಂದೇ ಮುಖ್ಯ ಅನ್ನುವವನು ಆ ಸೇತುವೆಯನ್ನು ಉಳಿಸುತ್ತಿದ್ದನಾ?

ಈಗ ಒಂದು ಮಣ್ಣಿನ ಹಲಗೆಯ ಮಾತು. ಬ್ಯಾಬಿಲೋನಿನ ಪುರೋಹಿತರು ದಿನವೂ ಆಕಾಶ ನೋಡಿ ಹಸಿ ಜೇಡಿಮಣ್ಣಿನ ಹಲಗೆಯ ಮೇಲೆ ಮೊಳೆಯಂಥ ಅಕ್ಷರಗಳಲ್ಲಿ ಬರೆದಿಡುತ್ತಿದ್ದರು. ಗ್ರಹ ಎಲ್ಲಿದೆ, ಬಾರ್ಲಿಯ ಬೆಲೆ ಎಷ್ಟು, ಹೊಳೆಯಲ್ಲಿ ನೀರೆಷ್ಟು, ಜೊತೆಗೆ ದೇಶದಲ್ಲಿ ಏನಾಯಿತು. ಅಂಥದೊಂದು ಹಲಗೆ ಈ ದಿನಗಳದ್ದೇ ಉಳಿದಿದೆ, ಬ್ರಿಟಿಷ್ ಮ್ಯೂಸಿಯಂನಲ್ಲಿ. ಸೆಪ್ಟೆಂಬರ್ 20ರ ಚಂದ್ರಗ್ರಹಣ ಅದರಲ್ಲಿದೆ. ದೊರೆಯ ಪಾಳೆಯದಲ್ಲಿ ಗಾಬರಿ ಹುಟ್ಟಿತು ಅಂತಲೂ ಇದೆ. ಆಮೇಲೆ ಆ ತಿಂಗಳ 24ನೇ ದಿನ, ಅಂದರೆ ನಮ್ಮ ಲೆಕ್ಕದ ಅಕ್ಟೋಬರ್ 1: ಯುದ್ಧವಾಯಿತು, ದೊಡ್ಡ ಸೋಲಾಯಿತು. ಮುಂದಿನ ಸಾಲನ್ನು ವಿದ್ವಾಂಸರು ಸಾಮಾನ್ಯವಾಗಿ ಓದುವುದು ಹೀಗೆ: ಸೈನ್ಯ ದೊರೆಯನ್ನು ಬಿಟ್ಟು ತಮ್ಮ ತಮ್ಮ ಊರುಗಳಿಗೆ ಹೋಯಿತು.

ದೊರೆ ಸೈನ್ಯವನ್ನು ಬಿಟ್ಟ ಅಂತ ಅಲ್ಲ. ಸೈನ್ಯ ದೊರೆಯನ್ನು ಬಿಟ್ಟಿತು ಅಂತ.

ಈ ಸಾಲನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದೆ. ಏರಿಯನ್ ಬರೆದದ್ದು ಯುದ್ಧ ಮುಗಿದು ನಾನೂರು ವರ್ಷಕ್ಕೂ ಮೇಲೆ. ಡಿಯೊಡೋರಸ್, ಕರ್ಟಿಯಸ್, ಪ್ಲುಟಾರ್ಕ್ ಎಲ್ಲರೂ ನೂರಾರು ವರ್ಷ ಆದಮೇಲಿನವರು. ಈ ಮಣ್ಣಿನ ಹಲಗೆಯವನು ಆ ಕಾಲದಲ್ಲೇ, ಕೆಲವೇ ನೂರು ಕಿಲೋಮೀಟರ್ ದೂರದಲ್ಲಿ ಕೂತಿದ್ದವನು. ಅವನಿಗೆ ಯಾರನ್ನೂ ಹೊಗಳುವ ಗರಜು ಇರಲಿಲ್ಲ. ಅದೇ ಹಲಗೆಯಲ್ಲಿ ಮುಂದೆ ಅಲೆಕ್ಸಾಂಡರ್‌ನನ್ನೂ ಜಗತ್ತಿನ ದೊರೆ ಅಂತ ಬರೆದಿದ್ದಾನೆ. ನಿಮ್ಮ ಮನೆಗಳೊಳಗೆ ನಾನು ನುಗ್ಗುವುದಿಲ್ಲ ಅಂತ ಅಲೆಕ್ಸಾಂಡರ್ ಜನರಿಗೆ ಮಾತು ಕೊಟ್ಟದ್ದನ್ನೂ ಬರೆದಿದ್ದಾನೆ. ಬ್ಯಾಬಿಲೋನನ್ನು ಒಪ್ಪಿಸಿದವನು ಯಾರು ಗೊತ್ತಾ? ಗೌಗಮೆಲಾದಲ್ಲಿ ಗೆಲ್ಲುತ್ತಿದ್ದ ಅದೇ ಮಜೇಯಸ್. ಅಲೆಕ್ಸಾಂಡರ್ ಅವನನ್ನೇ ಅಲ್ಲಿನ ಕ್ಷತ್ರಪನನ್ನಾಗಿ ಮಾಡಿದ.

ಕ್ಷತ್ರಪ ಅನ್ನುವ ಮಾತು ನಿಮಗೆ ಹೊಸದಲ್ಲ. ಶಾತವಾಹನರ ಪಾಠದಲ್ಲಿ ಅವರ ಎದುರಾಳಿಗಳಾಗಿ ಕ್ಷತ್ರಪರು ಬರುತ್ತಾರಲ್ಲ, ಆ ಬಿರುದು ಈ ಪರ್ಷಿಯನ್ ಅಧಿಕಾರಿಗಳ ಹೆಸರಿನಿಂದಲೇ ಬಂದದ್ದು. ಇನ್ನೂ ಹತ್ತಿರದ್ದು ಒಂದಿದೆ. ನಾವು ದಿನವೂ ಹೇಳುವ ಲಿಪಿ ಎಂಬ ಪದ. ಹಳೆಯ ಪರ್ಷಿಯನ್ ಭಾಷೆಯಲ್ಲಿ ಅದು ದಿಪಿ. ವಾಯವ್ಯದ ಅಶೋಕನ ಶಾಸನಗಳಲ್ಲಿ ದಿಪಿ ಅಂತಲೇ ಇದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಕೆತ್ತಿದವನು ಚಪಡ. ಶಾಸನ ಇಡೀ ಬ್ರಾಹ್ಮಿಯಲ್ಲಿದೆ. ಕೊನೆಗೆ ತನ್ನ ಕಸುಬಿನ ಹೆಸರು, ಲಿಪಿಕಾರ ಅನ್ನುವುದನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಆ ಖರೋಷ್ಠಿ ಹುಟ್ಟಿದ್ದು ಪರ್ಷಿಯನ್ ಕಚೇರಿಗಳ ಅರಮಾಯಿಕ್ ಬರಹದಿಂದ. ಪರ್ಷಿಯನ್ನರು ಆ ಬರಹವನ್ನು ಹೆಚ್ಚಾಗಿ ತೊಗಲಿನ ಮೇಲೆ ಬರೆಯುತ್ತಿದ್ದರು. ತೊಗಲು ಕೊಳೆತು ಹೋಯಿತು. ಅವರ ಕಡೆಯ ಕಥೆಯೂ ಅದರ ಜೊತೆ ಹೋಯಿತು.

ಕೊನೆಯ ದಿನಗಳಿಗೆ ಬರುತ್ತೇನೆ. ಕ್ರಿ.ಪೂ. 330ರ ಮೊದಲಲ್ಲಿ ಅಲೆಕ್ಸಾಂಡರ್ ಪರ್ಷಿಯನ್ನರ ವೈಭವದ ನಗರ ಪೆರ್ಸೆಪೊಲಿಸನ್ನು ಹಿಡಿದ. ಖಜಾನೆ ಸಾಗಿಸಲು ಹತ್ತು ಸಾವಿರ ಜೋಡಿ ಹೇಸರಗತ್ತೆ, ಐದು ಸಾವಿರ ಒಂಟೆ ಬೇಕಾದವು ಅಂತ ಪ್ಲುಟಾರ್ಕ್ ಹೇಳುತ್ತಾನೆ. ಅಲ್ಲಿಂದ ಹೊರಡುವ ಮೊದಲು ಅರಮನೆಗೆ ಬೆಂಕಿ ಬಿತ್ತು.

ಡೇರಿಯಸ್ ಪೂರ್ವಕ್ಕೆ ಹೊರಟಿದ್ದ, ಮೂರನೇ ಸೈನ್ಯ ಕಟ್ಟಬೇಕು ಅಂತ. ಜೊತೆಯಲ್ಲಿದ್ದ ಬೆಸ್ಸಸ್ ಮತ್ತು ಇತರ ಸರದಾರರು ಒಳಗೊಳಗೇ ಪಿತೂರಿ ಮಾಡಿದರು. ಅದನ್ನು ಅರಿತ ಪ್ಯಾಟ್ರನ್ ಎಂಬ ಗ್ರೀಕ್ ದಳಪತಿ ಗುಟ್ಟಾಗಿ ಬಂದು ಗ್ರೀಕ್ ಭಾಷೆಯಲ್ಲೇ ಎಚ್ಚರಿಸಿದ: ಈ ರಾತ್ರಿ ನಮ್ಮ ಡೇರೆಗಳ ನಡುವೆ ಮಲಗಿ, ನಾವು ಕಾಯುತ್ತೇವೆ. ಡೇರಿಯಸ್ ಒಪ್ಪಲಿಲ್ಲ. ನನ್ನ ಜನರನ್ನು ಬಿಟ್ಟು ಬರಲಾರೆ ಅಂದ. ನನ್ನವರಿಗೇ ನಾನು ಬೇಡವಾದರೆ ಬದುಕಿ ಏನು ಮಾಡಲಿ ಅನ್ನುವ ಅರ್ಥದ ಮಾತಾಡಿದ. ಮೊದಲಿನಿಂದ ಓಡಿದವನು ಅಂತ ಹೆಸರಾದವನು ಕೊನೆಗೆ, ಓಡಿದ್ದರೆ ಉಳಿಯುತ್ತಿದ್ದ ರಾತ್ರಿಯಲ್ಲಿ, ಓಡಲಿಲ್ಲ.

ಅವನನ್ನು ಕಟ್ಟಿ ಗಾಡಿಯಲ್ಲಿ ಹಾಕಿಕೊಂಡು ಹೋದರು. ಅಲೆಕ್ಸಾಂಡರ್ ಹತ್ತಿರ ಬಂದಾಗ ತಿವಿದು ಬಿಟ್ಟು ಹೋದರು. ಪಾಲಿಸ್ಟ್ರಾಟಸ್ ಎಂಬ ಮ್ಯಾಸಿಡೋನಿಯದ ಸೈನಿಕನಿಗೆ ಆ ಗಾಡಿ ಕಂಡಿತು. ಡೇರಿಯಸ್ ನೀರು ಕೇಳಿದ. ಸೈನಿಕ ತಂದು ಕೊಟ್ಟ. ಡೇರಿಯಸ್ ಅವನ ಕೈ ಹಿಡಿದುಕೊಂಡು ಪ್ರಾಣ ಬಿಟ್ಟ.

ಅಲೆಕ್ಸಾಂಡರ್ ಬಂದು ತನ್ನ ಮೇಲಂಗಿ ತೆಗೆದು ಹೆಣಕ್ಕೆ ಹೊದಿಸಿದ. ಡೇರಿಯಸ್‌ನ ತಮ್ಮ ಆಕ್ಸಾಥ್ರಿಸ್‌ನನ್ನು ತನ್ನ ಆಪ್ತ ಸವಾರರಲ್ಲಿ ಸೇರಿಸಿಕೊಂಡ. ರಾಜಮರ್ಯಾದೆಯಿಂದ ಮಣ್ಣು ಮಾಡಿ ಅಂತ ಹೆಣವನ್ನು ಪೆರ್ಸೆಪೊಲಿಸ್‌ಗೆ ಕಳಿಸಿಕೊಟ್ಟ, ಕೆಲವೇ ತಿಂಗಳ ಹಿಂದೆ ಬೆಂಕಿಗೆ ಆಹುತಿಯಾಗಿದ್ದ ಅದೇ ನಗರಕ್ಕೆ. ಅಲ್ಲಿ ಇವತ್ತಿಗೂ ಬಂಡೆಯಲ್ಲಿ ಕೊರೆಯುತ್ತಾ ಅರ್ಧಕ್ಕೇ ನಿಂತುಹೋದ ಒಂದು ರಾಜ ಸಮಾಧಿ ಇದೆ. ಅದು ಡೇರಿಯಸ್‌ಗಾಗಿ ಶುರು ಮಾಡಿದ್ದು ಅಂತ ಹಲವರು ಹೇಳುತ್ತಾರೆ. ಮೇಲುಭಾಗದ ಕೆತ್ತನೆ ಸ್ವಲ್ಪ ಆಗಿದೆ. ಕೆಳಗೆ ಬರೀ ಬಂಡೆ.